ಬೆಳ್ಳಿಯ ಮೇಲಿದ್ದ ಇನ್ನೊಂದು ಬಿಳುಪು

ಕಡಗದ ಕೀಲು ಕಿತ್ತುಬಂದಿದ್ದು 2025ರ ಯುಗಾದಿಯ ಹಿಂದಿನ ದಿನ. ಅಮ್ಮ ಬೀರುವಿನಿಂದ ಬೆಳ್ಳಿ ಸಾಮಾನು ತೆಗೆದು ಒರೆಸುತ್ತ ಕೂತಿದ್ದರು. ಕಡಗದ ತಿರುಪು ಬಿಚ್ಚಿ ಬಾಯಿ ಅಗಲಿಸಿದಾಗ ಟಕ್ ಅಂತ ಸಣ್ಣ ಸದ್ದು ಬಂತು. ಒಂದರ್ಧ ಕೈಯಲ್ಲಿ ಉಳಿಯಿತು, ಇನ್ನೊಂದರ್ಧ ಮಡಿಲಿಗೆ ಬಿತ್ತು. ಅಮ್ಮ ಏನೂ ಮಾತಾಡಲಿಲ್ಲ. ಎರಡೂ ತುಂಡು ಜೋಡಿಸಿ ಹಿಡಿದುಕೊಂಡು ಸ್ವಲ್ಪ ಹೊತ್ತು ಸುಮ್ನೆ ಕೂತರು.

ಅದು ಅಜ್ಜಿಯ ಕಡಗ. ಜೋಡಿಯಲ್ಲಿ ಒಂದು. ಅಜ್ಜಿ ತೀರಿಕೊಂಡಾಗ ಒಂದು ಅಮ್ಮನಿಗೆ ಬಂತು, ಇನ್ನೊಂದು ಬೆಂಗಳೂರಿನ ಚಿಕ್ಕಮ್ಮನಿಗೆ ಹೋಯಿತು. ಒಂದೊಂದೂ 62 ಗ್ರಾಂ ಚಿಲ್ಲರೆ. ಒಂದು ಕಡೆ ಕೀಲು, ಎದುರು ಕಡೆ ತಿರುಪು. ಹೊರಮೈ ತುಂಬ ಬಳ್ಳಿ, ಬಳ್ಳಿಯ ನಡುವೆ ಎದುರುಬದುರು ಕೂತ ಗಿಳಿಗಳು. ಗಿಳಿಯ ಕಣ್ಣು ಸಾಸಿವೆಗಿಂತ ಚಿಕ್ಕದು, ಆದರೆ ಉಗುರು ಆಡಿಸಿದರೆ ಕೈಗೆ ಸಿಗುತ್ತೆ. ಚಿಕ್ಕವಳಿದ್ದಾಗ ಅಜ್ಜಿಯ ಪಕ್ಕ ಮಲಗಿ ನಾನು ಆ ಕಣ್ಣುಗಳನ್ನು ಎಣಿಸುತ್ತಿದ್ದೆ.

ಹಬ್ಬ ಮುಗಿದ ಮೇಲೆ ಮೈಸೂರಿನಲ್ಲೇ ಒಂದು ದೊಡ್ಡ ಅಂಗಡಿಗೆ ತೆಗೆದುಕೊಂಡು ಹೋದೆ. ಕೌಂಟರಿನಲ್ಲಿದ್ದವರು ನೋಡಿದವರೇ, "ಹಳೇದು ಮೇಡಂ, ಎಕ್ಸ್‌ಚೇಂಜ್ ಮಾಡಿಬಿಡಿ, ಹೊಸ ಡಿಸೈನ್ ಬಂದಿವೆ" ಅಂದರು. ರಿಪೇರಿ ಮಾಡ್ತೀರಾ ಅಂದರೆ, ನಮ್ಮಲ್ಲಿ ತಗೊಂಡ ಮಾಲಿಗೆ ಮಾತ್ರ ಅಂದರು. ಅವರದ್ದು ವ್ಯಾಪಾರ, ತಪ್ಪಿಲ್ಲ. ಆದರೆ ಆ ಗಿಳಿಗಳು ಕರಗಿ ಗಟ್ಟಿಯಾಗುವುದನ್ನು ನೆನೆಸಿಕೊಂಡು ನಾನು ಅಲ್ಲಿಂದ ಎದ್ದುಬಂದೆ.

ಅಶೋಕ ರಸ್ತೆಯ ಹಿಂದಿನ ಒಂದು ಗಲ್ಲಿಯಲ್ಲಿ ವಯಸ್ಸಾದ ಆಚಾರ್ರು ಒಬ್ಬರು ಇದ್ದಾರೆ ಅಂತ ಪಕ್ಕದ ಮನೆಯವರು ಹೇಳಿದರು. ಹತ್ತಡಿ ಅಗಲದ ಕೋಣೆ. ನೆಲದ ಮೇಲೆ ಗೋಣಿ ಹಾಸು, ಮುಂದೆ ಮೋಟು ಮರದ ದಿಮ್ಮಿ, ಅದರ ಮೇಲೆ ಅರಗಳು, ಚಿಮಟಗಳು, ಒಂದು ಒರೆಗಲ್ಲು. ಗ್ಯಾಸ್ ಟಾರ್ಚ್ ಇದ್ದರೂ ಸಣ್ಣ ಬೆಸುಗೆಗೆ ಅವರು ಇವತ್ತಿಗೂ ಬಾಯಲ್ಲಿ ಊದುಗೊಳವೆ ಹಿಡಿದೇ ಕೂರುತ್ತಾರೆ. ಉರಿ ಎಲ್ಲಿಗೆ ಎಷ್ಟು ಹೋಗಬೇಕು ಅನ್ನೋದು ಉಸಿರಿಗೆ ಗೊತ್ತಿರುತ್ತೆ ಅಂದರು.

ಕಡಗ ಕೈಗೆ ಕೊಟ್ಟ ತಕ್ಷಣ ಅವರು ಎರಡು ಪ್ರಶ್ನೆ ಕೇಳಿದರು. "ಒಳಗೆ ಅರಗು ತುಂಬಿದೆಯಾ ಅಮ್ಮ? ಹಿಂದೆ ಯಾರಾದ್ರೂ ಸೀಸ ಹಾಕಿ ಅಂಟಿಸಿದ್ರಾ?" ಪೊಳ್ಳು ಒಡವೆಗೆ ಅರಗು ತುಂಬಿರುತ್ತಾರೆ, ಅದಕ್ಕೆ ಬೆಂಕಿ ತೋರಿಸಿದರೆ ಅರಗು ಉಕ್ಕಿ ಹೊರಗೆ ಬರುತ್ತೆ. ಸೀಸದ್ದು ಇನ್ನೂ ಕೆಟ್ಟದ್ದು. ಕಾದ ಸೀಸ ಬೆಳ್ಳಿಯನ್ನೇ ತಿನ್ನುತ್ತ ಹೋಗುತ್ತೆ, ತೂತು ಬೀಳುತ್ತೆ. ನಮ್ಮ ಕಡಗ ಗಟ್ಟಿ, ಸೀಸವೂ ಇಲ್ಲ. ಎರಡಕ್ಕೂ ಇಲ್ಲ ಅಂದೆ. ಅವರೂ ಬೆಳಕಿಗೆ ಹಿಡಿದು ನೋಡಿ ತಲೆಯಾಡಿಸಿದರು.

ಇನ್ನೊಂದು ವಿಷಯ ನಾನು ಹೇಳಬೇಕಿತ್ತು. ಹೇಳಲಿಲ್ಲ. ಅದು ಹೇಳುವಂಥ ವಿಷಯ ಅಂತಲೇ ನನಗೆ ಗೊತ್ತಿರಲಿಲ್ಲ.

2014ರಲ್ಲಿ ಅಕ್ಕನ ಮದುವೆಗೆ ಮುಂಚೆ ಅಮ್ಮ ಈ ಕಡಗವನ್ನು ಒಂದು ಅಂಗಡಿಗೆ ಪಾಲಿಶ್‌ಗೆ ಕೊಟ್ಟಿದ್ದರು. ವಾಪಸ್ ಬಂದಾಗ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಬಳ್ಳಿಯ ಸಂದಿಯಲ್ಲಿದ್ದ ಕಪ್ಪೆಲ್ಲ ಹೋಗಿತ್ತು. ಎಲ್ಲರಿಗೂ ಖುಷಿ. ಆಮೇಲೆ ಹತ್ತು ವರ್ಷ ಅದು ಕಪ್ಪಾಗಲೇ ಇಲ್ಲ. ಅದೇ ಡಬ್ಬಿಯಲ್ಲಿದ್ದ ಕುಂಕುಮದ ಭರಣಿ ಪ್ರತಿ ಹಬ್ಬಕ್ಕೂ ಕಂದು ತಿರುಗುತ್ತಿತ್ತು, ದೀಪದ ಕಂಬಗಳೂ ಅಷ್ಟೇ. ಕಡಗ ಮಾತ್ರ ಹಾಗೇ ಇತ್ತು. "ಎಂಥ ಪಾಲಿಶ್ ಮಾಡಿದ್ದಾರೆ ನೋಡು" ಅಂತ ಅಮ್ಮ ಹೊಗಳುತ್ತಿದ್ದರು. ಬೆಳ್ಳಿ ಹತ್ತು ವರ್ಷ ಕಪ್ಪಾಗದೆ ಇರುತ್ತೆ ಅಂದರೆ ಮೇಲೆ ಬೇರೆ ಏನೋ ಕೂತಿದೆ ಅಂತಲೇ ಅರ್ಥ. ನಮಗೆ ಅದು ಹೊಳೆಯಲಿಲ್ಲ. ಬಿಲ್ಲಿನಲ್ಲೂ "ಪಾಲಿಶ್" ಅಂತ ಒಂದೇ ಪದ ಬರೆದಿತ್ತು.

ಆಚಾರ್ರು ಕೆಲಸ ಶುರು ಮಾಡಿದರು. ಕೀಲು ಅಂದರೆ ಮೂರು ಪುಟ್ಟ ಕೊಳವೆ, ಅವುಗಳ ನಡುವೆ ಒಂದು ಕಡ್ಡಿ. ಎರಡು ಕೊಳವೆ ಒಂದು ಭಾಗಕ್ಕೆ, ನಡುವಿನದು ಇನ್ನೊಂದು ಭಾಗಕ್ಕೆ. ನಮ್ಮದರಲ್ಲಿ ನಡುವಿನದು ಬುಡಸಮೇತ ಎದ್ದಿತ್ತು. ಅವರು ಬೆಸೆಯುವ ಜಾಗವನ್ನು ಅರದಿಂದ ಸ್ವಲ್ಪ ಉಜ್ಜಿದರು. ಬಿಳಿಗಾರವನ್ನು, ಅಂದರೆ ಬೊರಾಕ್ಸನ್ನು, ನೀರಿನಲ್ಲಿ ತೇಯ್ದು ಗಂಧದ ಹಾಗೆ ಮಾಡಿ ಹಚ್ಚಿದರು. ಬೆಸುಗೆಯ ಹಾಳೆಯಿಂದ ಎಳ್ಳಿನಷ್ಟು ತುಣುಕು ಕತ್ತರಿಸಿ ಇಟ್ಟರು. ಇದ್ದಿಲ ಮೇಲೆ ಕಡಗ ಇಟ್ಟು ಊದತೊಡಗಿದರು.

ಬಿಳಿಗಾರ ಮೊದಲು ಉಬ್ಬಿತು, ಆಮೇಲೆ ಗಾಜಿನ ಹಾಗೆ ಕರಗಿತು. ಬೆಸುಗೆ ತುಣುಕು ಕರಗಿ ಹರಿಯಬೇಕಿತ್ತು. ಹರಿಯಲಿಲ್ಲ. ಕಮಲದ ಎಲೆಯ ಮೇಲಿನ ನೀರಿನ ಹಾಗೆ ಉಂಡೆಗಟ್ಟಿ ನಿಂತಿತು. ಆಚಾರ್ರು ಊದುವುದನ್ನು ನಿಲ್ಲಿಸಿ ನೋಡಿದರು. "ಜಿಡ್ಡು ಇರ್ಬೇಕು" ಅಂದು ಆ ಜಾಗವನ್ನು ಇನ್ನೂ ಸ್ವಲ್ಪ ಜಾಸ್ತಿ ಕೆರೆದು ಮತ್ತೆ ಬಿಳಿಗಾರ ಹಚ್ಚಿದರು. ಎರಡನೇ ಸಲ ಬೆಸುಗೆ ಸಲೀಸಾಗಿ ಓಡಿತು. ಕೊಳವೆ ಕೂತಿತು. ನಾನು ನಿಟ್ಟುಸಿರು ಬಿಟ್ಟೆ.

ಆಗಲೇ ಬಣ್ಣ ಬದಲಾಗಿದ್ದು. ಕೀಲಿನ ಸುತ್ತ ಮೊದಲು ನವಿಲುಗರಿಯ ನೀಲಿ ಬಂತು. ನೋಡುತ್ತಿದ್ದ ಹಾಗೆಯೇ ಅದು ಹರಡಿ ಬೂದಿಯಾಯಿತು, ಆಮೇಲೆ ಮಳೆಮೋಡದಂಥ ಕಪ್ಪು. ಹತ್ತಿರದ ಎರಡು ಗಿಳಿಗಳು ಪೂರ್ತಿ ಮುಳುಗಿದವು.

ಆಚಾರ್ರು ಗಾಬರಿಯಾಗಲಿಲ್ಲ. ಬೆಂಕಿ ಮುಟ್ಟಿದ ಬೆಳ್ಳಿ ಕಪ್ಪಾಗೋದು ಸಹಜ. ಒಡವೆ ಬೆಳ್ಳಿಯಲ್ಲಿ ಸ್ವಲ್ಪ ತಾಮ್ರ ಇದ್ದೇ ಇರುತ್ತೆ, 925ರ ಬೆಳ್ಳಿ ಅಂದರೆ ಸಾವಿರದಲ್ಲಿ 925 ಪಾಲು ಬೆಳ್ಳಿ, ಉಳಿದದ್ದು ಹೆಚ್ಚಾಗಿ ತಾಮ್ರವೇ. ಆ ತಾಮ್ರ ಬಿಸಿಗೆ ಕಪ್ಪಾಗುತ್ತೆ. ಪಟಿಕದ ನೀರಿನಲ್ಲಿ ಕುದಿಸಿದರೆ ಕಪ್ಪು ಬಿಡುತ್ತೆ, ಬೆಳ್ಳಿ ಹಾಲಿನ ಹಾಗೆ ಬೆಳ್ಳಗಾಗುತ್ತೆ. ಪಟಿಕ ಅಂದರೆ ಕ್ಷೌರದಂಗಡಿಯಲ್ಲಿ ಗಡ್ಡ ತೆಗೆದ ಮೇಲೆ ಉಜ್ಜುವ ಕಲ್ಲು, ಅದೇ. ತಾಮ್ರದ ಬಟ್ಟಲಲ್ಲಿ ಪಟಿಕ ಹಾಕಿ ಕಡಗ ಮುಳುಗಿಸಿ ಕುದಿಸಿದರು. ಕಾಲು ಗಂಟೆ ಆಯಿತು. ತೆಗೆದು ಅಂಟುವಾಳದ ನೊರೆಯಲ್ಲಿ ಹಿತ್ತಾಳೆ ಬ್ರಷ್‌ನಿಂದ ತಿಕ್ಕಿದರು.

ಕೆರೆದ ಜಾಗ, ಹೊಸ ಬೆಸುಗೆಯ ಜಾಗ ಬೆಳ್ಳಗಾಗಿತ್ತು. ಸುತ್ತಲಿನ ಕಪ್ಪು ಒಂದಿಷ್ಟೂ ಕದಲಿರಲಿಲ್ಲ.

ಮತ್ತೆ ಕುದಿಸಿದರು. ಮತ್ತೆ ತಿಕ್ಕಿದರು. ಅದೇ ಕಥೆ. ಆಗ ಅವರು ಕನ್ನಡಕ ಹಣೆಗೆ ಏರಿಸಿ, ಕಡಗವನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಕೆರೆದ ಜಾಗದ ಬಿಳುಪು ಬೇರೆ, ಬೆಂಕಿ ಮುಟ್ಟದ ದೂರದ ಭಾಗದ ಬಿಳುಪು ಬೇರೆ. ಒಂದು ಹಾಲಿನ ಕೆನೆಯ ಹಾಗೆ ಸ್ವಲ್ಪ ಹಳದಿ ಕಡೆಗೆ ತಿರುಗಿದ ಬಿಳುಪು. ಇನ್ನೊಂದು ಸ್ಟೀಲಿನ ಹಾಗೆ ತಣ್ಣಗೆ, ನೀಲಿ ಕಡೆಗೆ. ಅವರು ತೋರಿಸಿದ ಮೇಲೆ ನನಗೂ ಕಂಡಿತು. ಹತ್ತು ವರ್ಷ ಕಣ್ಣೆದುರಿಗೇ ಇತ್ತು.

"ಅಮ್ಮ, ಇದಕ್ಕೆ ರೋಡಿಯಂ ಹೊಡ್ಸಿದ್ರಾ?"

ಆ ಪದವನ್ನೇ ನಾನು ಅವತ್ತು ಮೊದಲ ಸಲ ಕೇಳಿದ್ದು. ಪಾಲಿಶ್ ಮಾಡಿಸಿದ್ದೆವು ಅಂದೆ. ಅವರು ಕಡಗವನ್ನು ಮೆತ್ತಗೆ ದಿಮ್ಮಿಯ ಮೇಲಿಟ್ಟರು. "ನಾನು ಕೇಳ್ಬೇಕಿತ್ತು. ಹಳೇ ಮಾಲು ನೋಡಿ, ಇದ್ರ ಮೇಲೆ ಅದೆಲ್ಲ ಇರಲ್ಲ ಅಂದ್ಕೊಂಡೆ" ಅಂದರು. ಅವರ ದನಿಯಲ್ಲಿ ನಿಜವಾದ ನೋವಿತ್ತು. ನಾನು ಹೇಳಬೇಕಿತ್ತು ಅಂತ ನಾನೂ ಅಂದೆ. ಕೀಲಿನ ಕೆಲಸಕ್ಕೆ 250 ರೂಪಾಯಿ ಕೊಡಲು ಹೋದರೆ ಮುಟ್ಟಲಿಲ್ಲ. ಮೊದಲು ಇದಕ್ಕೆ ಒಂದು ದಾರಿ ಆಗಲಿ, ಪ್ಲೇಟಿಂಗ್ ಮಾಡೋರನ್ನ ಒಂದು ಸಲ ಕೇಳಿ ಬನ್ನಿ ಅಂತ ಕಳಿಸಿದರು.

ಮುಂದಿನ ವಾರ ಬೆಂಗಳೂರಿಗೆ ಹೋದೆ. ಚಿಕ್ಕಮ್ಮನೂ ಜೊತೆಗೆ ಬಂದರು, ಅವರ ಕಡಗವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು. ನಗರ್ತಪೇಟೆಯ ಗಲ್ಲಿಗಳಲ್ಲಿ ಚಿನ್ನ ಬೆಳ್ಳಿ ಕೆಲಸದ ಕೋಣೆಗಳು ಒಂದರ ಮೇಲೊಂದು ಇವೆ. ಕಿರಿದಾದ ಮೆಟ್ಟಿಲು ಹತ್ತಿ ಎರಡನೇ ಮಹಡಿಗೆ ಹೋದರೆ ಪ್ಲೇಟಿಂಗ್ ಮಾಡುವ ಕೋಣೆ. ಕೆಲಸ ಮಾಡುವವರು ಬಂಗಾಳದವರು, ಮೂವತ್ತರ ಆಸುಪಾಸು. ಬೆಂಗಳೂರಿಗೆ ಬಂದು ಹನ್ನೆರಡು ವರ್ಷವಾಯಿತಂತೆ, ಕನ್ನಡ ಚೆನ್ನಾಗಿ ಮಾತಾಡುತ್ತಾರೆ.

ಕಡಗ ನೋಡಿದವರೇ "ರೋಡಿಯಂ ದೀದಿ, ಡೌಟೇ ಇಲ್ಲ. ಬೆಂಕಿ ಹಾಕಿಬಿಟ್ರಲ್ಲ" ಅಂದರು. ಆಮೇಲೆ ಕೂರಿಸಿ ವಿವರವಾಗಿ ಹೇಳಿದರು. ಅಷ್ಟು ಹೊತ್ತು ಕೂತು ಹೇಳಲೇಬೇಕು ಅಂತೇನೂ ಇರಲಿಲ್ಲ, ಅವರಿಗೆ ಕೆಲಸ ಇತ್ತು. ಅದಕ್ಕೆ ನಾನು ಅವರನ್ನು ನೆನೆಯುತ್ತೇನೆ.

ರೋಡಿಯಂ ಪ್ಲಾಟಿನಂ ಜಾತಿಯ ಲೋಹ. 1804ರ ಹೊತ್ತಿಗೆ ವೊಲಾಸ್ಟನ್ ಎಂಬ ಇಂಗ್ಲಿಷ್ ವಿಜ್ಞಾನಿ ಕಂಡುಹಿಡಿದದ್ದು. ಅದರ ಲವಣ ಗುಲಾಬಿ ಬಣ್ಣ, ಗ್ರೀಕ್ ಭಾಷೆಯ ಗುಲಾಬಿಯಿಂದಲೇ ಆ ಹೆಸರು ಬಂತು. ಹೆಚ್ಚಿನ ಪಾಲು ದಕ್ಷಿಣ ಆಫ್ರಿಕಾದ ಗಣಿಗಳಿಂದ ಬರುತ್ತೆ, ಕಾರಿನ ಹೊಗೆ ಶುದ್ಧ ಮಾಡುವ ಭಾಗಕ್ಕೆ ಹೋಗುತ್ತೆ. 2021ರಲ್ಲಿ ಅದರ ಬೆಲೆ ಔನ್ಸಿಗೆ 29,000 ಡಾಲರ್ ಮುಟ್ಟಿತ್ತು, ಆಗ ಚಿನ್ನ ಅದರ ಹತ್ತಿರಕ್ಕೂ ಬರುತ್ತಿರಲಿಲ್ಲ. ಇಷ್ಟನ್ನು ನಾನು ಆಮೇಲೆ ಓದಿ ತಿಳಿದುಕೊಂಡೆ. ಅವರು ಹೇಳಿದ್ದು ಕೈಗೆ ಕಣ್ಣಿಗೆ ಸಿಗುವ ಮಾತು. ಅವರ ಮೇಜಿನ ಮೇಲೆ ಗಾಜಿನ ಬೀಕರ್, ಅದರಲ್ಲಿ ಹಾಲು ಹಾಕದ ಚಹಾದ ಬಣ್ಣದ ದ್ರಾವಣ. ಒಡವೆಯನ್ನು ಚೆನ್ನಾಗಿ ತೊಳೆದು, ತಂತಿ ಕಟ್ಟಿ ಅದರಲ್ಲಿ ಇಳಿಸಿ, ಎರಡು ಮೂರು ವೋಲ್ಟ್ ಕರೆಂಟ್ ಕೊಟ್ಟರೆ ಒಂದು ನಿಮಿಷದೊಳಗೆ ಮುಗಿಯಿತು. ನನ್ನ ಎದುರಿಗೇ ಒಂದು ಬೆಳ್ಳಿ ಪದಕ ಇಳಿಸಿದರು. ಅದು ಹೊರಗೆ ಬಂದಾಗ ಅದೇ ತಣ್ಣನೆಯ ಬಿಳುಪು.

ಆ ಪದರ ಒಂದು ಮೈಕ್ರಾನ್‌ನಷ್ಟೂ, ಅಂದರೆ ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲಿನಷ್ಟೂ, ಇರೋದಿಲ್ಲ, ಅದರಲ್ಲೂ ಕಾಲು ಪಾಲೋ ಅರ್ಧ ಪಾಲೋ. ಮನೆಗೆ ಬಂದು ಲೆಕ್ಕ ಹಾಕಿದೆ. ನಮ್ಮ ಕಡಗದ ಇಡೀ ಮೈಗೆ ಕೂತ ರೋಡಿಯಂ ಒಂದು ಗ್ರಾಂನ ನೂರರಲ್ಲಿ ಎರಡು ಮೂರು ಪಾಲು ಇರಬಹುದು, ಅಷ್ಟೇ. ಆದರೆ ಅದು ಕರಗಬೇಕಾದರೆ 1,960 ಡಿಗ್ರಿ ದಾಟಬೇಕು. ಅಚ್ಚ ಬೆಳ್ಳಿ 962ಕ್ಕೇ ಕರಗುತ್ತೆ, ತಾಮ್ರ ಬೆರೆತದ್ದು ಇನ್ನೂ ಬೇಗ. ಹಾಗಾಗಿ ಬೆಂಕಿಯಿಂದ ಅದನ್ನು ತೆಗೆಯೋ ಮಾತೇ ಇಲ್ಲ. ಆಸಿಡ್‌ಗೂ ಅದು ಸುಲಭಕ್ಕೆ ಬಗ್ಗಲ್ಲ. ಬೆಳ್ಳಿಯನ್ನು ಕರಗಿಸುವ ನೈಟ್ರಿಕ್ ಆಸಿಡ್ ಕೂಡ ಅದನ್ನು ಏನೂ ಮಾಡಲ್ಲ.

ಪಟಿಕದ ನೀರು ಯಾಕೆ ಸೋತಿತು ಅಂತ ಕೇಳಿದೆ. ಅವರು ಒಂದು ಪ್ಲಾಸ್ಟಿಕ್ ಹಾಳೆ ತೆಗೆದು ತಮ್ಮ ಅಂಗೈ ಮೇಲೆ ಹಾಸಿದರು. "ಕೈ ಕೊಳೆ ಆದ್ಮೇಲೆ ಪ್ಲಾಸ್ಟಿಕ್ ಮೇಲೆ ಸೋಪು ಹಾಕಿ ತಿಕ್ಕಿದ್ರೆ ಹೋಗುತ್ತಾ?" ಬಿಸಿಯಾದಾಗ ಗಾಳಿ ಆ ತೆಳು ಪದರವನ್ನು ದಾಟಿ ಒಳಗೆ ಹೋಗುತ್ತೆ, ಕೆಳಗಿನ ತಾಮ್ರ ಕಪ್ಪಾಗುತ್ತೆ. ಕಪ್ಪು ಕೂತಿರೋದು ಹೊದಿಕೆಯ ಅಡಿಯಲ್ಲಿ, ಪಟಿಕದ ನೀರು ಆಡೋದು ಹೊದಿಕೆಯ ಮೇಲೆ. ಬೆಸುಗೆ ಉಂಡೆಗಟ್ಟಿದ್ದಕ್ಕೂ ಈ ಹೊದಿಕೆಯೇ ಕಾರಣ.

ಮೊದಲೇ ಗೊತ್ತಿದ್ದರೆ ಲೇಸರ್‌ನಲ್ಲಿ ಬೆಸೆಯಬಹುದಿತ್ತಂತೆ. ಅದರಲ್ಲಿ ಶಾಖ ಸೂಜಿಮೊನೆಯಷ್ಟು ಜಾಗಕ್ಕೆ ಮಾತ್ರ ಬೀಳುತ್ತೆ, ಪಕ್ಕದ ಪ್ಲೇಟಿಂಗ್ ಹೆಚ್ಚು ಕೆಡಲ್ಲ. ಬೆಳ್ಳಿ ಬೆಳಕನ್ನು ಹಿಂದಕ್ಕೆ ಎಸೆಯುತ್ತಲ್ಲ, ಅದಕ್ಕೆ ಬೆಸೆಯುವ ಚುಕ್ಕೆಗೆ ಕಪ್ಪು ಮಾರ್ಕರ್ ಪೆನ್ನಿನಿಂದ ಗುರುತು ಹಾಕಿಕೊಳ್ಳುತ್ತಾರಂತೆ. ಈಗ ಉಳಿದಿದ್ದು ಎರಡು ದಾರಿ. ಒಂದು, ಕಪ್ಪಾದ ಜಾಗದ ರೋಡಿಯಂ ಉಜ್ಜಿ ತೆಗೆದು, ಕೆಳಗಿನ ಕಪ್ಪನ್ನೂ ತೆಗೆದು, ಇಡೀ ಕಡಗಕ್ಕೆ ಮತ್ತೆ ರೋಡಿಯಂ ಕೊಡುವುದು. ಎರಡು, ಇಡೀ ಕಡಗದ ರೋಡಿಯಂ ಉಜ್ಜಿ ತೆಗೆದು ಬರೀ ಬೆಳ್ಳಿಗೆ ತರುವುದು. ಮೊದಲನೆಯದು ಬೇಗ ಆಗುತ್ತೆ, ಎರಡನೆಯದಕ್ಕೆ ತಾಳ್ಮೆ ಬೇಕು ಅಂದರು. ಹಳೇ ಕೆತ್ತನೆ ಇರೋ ಮಾಲನ್ನು ಬಫಿಂಗ್ ಮೋಟಾರಿಗೆ, ಅಂದರೆ ತಿರುಗುವ ಚಕ್ರದಲ್ಲಿ ಉಜ್ಜುವ ಯಂತ್ರಕ್ಕೆ, ಮಾತ್ರ ಕೊಡಬೇಡಿ ಅಂತ ಎರಡು ಸಲ ಹೇಳಿದರು.

ಹೊರಡುವಾಗ ಇನ್ನೊಂದು ಮಾತು ಹೇಳಿಕೊಟ್ಟರು. ಯಾವ ಒಡವೆಗೆ ಪ್ಲೇಟಿಂಗ್ ಇದೆ ಅಂತ ಮನೆಯಲ್ಲೇ ನೋಡಬೇಕಾದರೆ ಒಂದು ಮೊಟ್ಟೆ ಸಾಕು.

ಅವತ್ತು ರಾತ್ರಿ ಚಿಕ್ಕಮ್ಮನ ಮನೆಯಲ್ಲಿ ಮಾಡಿದೆವು. ಮೊಟ್ಟೆ ಗಟ್ಟಿಯಾಗಿ ಬೇಯಿಸಿ, ಬಿಸಿ ಇರುವಾಗಲೇ ಕಿವುಚಿ, ಮುಚ್ಚಳ ಬಿಗಿಯಾದ ಡಬ್ಬಿಗೆ ಹಾಕಿದೆವು. ಎರಡೂ ಕಡಗಗಳನ್ನು ಮೊಟ್ಟೆಗೆ ತಾಗದ ಹಾಗೆ ಒಂದು ಬಟ್ಟಲಲ್ಲಿ ಇಟ್ಟು ಒಳಗಿಟ್ಟೆವು. ಮೊಟ್ಟೆಯ ಗಂಧಕ ಗಾಳಿಗೆ ಬಿಡುತ್ತೆ, ಬೆಳ್ಳಿಗೆ ಅದು ತಾಗಿದರೆ ಕಪ್ಪು ಹಿಡಿಯುತ್ತೆ, ರೋಡಿಯಂಗೆ ಏನೂ ಆಗಲ್ಲ. ಬೆಳಿಗ್ಗೆ ಡಬ್ಬಿ ತೆಗೆದಾಗ ಚಿಕ್ಕಮ್ಮನ ಕಡಗ ಮೈಯೆಲ್ಲ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಅಮ್ಮನದು ಹಾಗೇ ಹೊಳೆಯುತ್ತಿತ್ತು. ಆಚಾರ್ರು ಅರ ಆಡಿಸಿದ ಕೀಲಿನ ಹತ್ತಿರ ಮಾತ್ರ ಉಗುರಗಲ ಕಂದು ಬಂದಿತ್ತು.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಒಂದೇ ಕೈ ಮಾಡಿದ ಕಡಗಗಳು. ಚಿಕ್ಕಮ್ಮನದರಲ್ಲಿ ಗಿಳಿ ಎದ್ದು ಕಾಣುತ್ತೆ. ಸಂದಿಯಲ್ಲಿ ಎಷ್ಟೋ ವರ್ಷದ ಕಪ್ಪು ಕೂತಿದೆ, ಉಬ್ಬಿನ ಮೇಲೆ ಕೈ ಸವರಿ ಸವರಿ ಬಂದ ಹೊಳಪು. ಅಮ್ಮನದರಲ್ಲಿ ಉಬ್ಬು ತಗ್ಗು ಎಲ್ಲ ಒಂದೇ ಬಿಳುಪು, ಹತ್ತಿರ ಹಿಡಿದರೆ ಮಾತ್ರ ಗಿಳಿ ಕಾಣುತ್ತೆ. 2014ರಲ್ಲಿ ನಾವು ಖುಷಿಪಟ್ಟ ಹೊಳಪು ಅಜ್ಜಿಯ ಕಡಗದ ನೆರಳನ್ನು ಅಳಿಸಿಬಿಟ್ಟಿತ್ತು. ನನ್ನ ತೀರ್ಮಾನ ಅಲ್ಲೇ ಆಯಿತು. ಅಮ್ಮನಿಗೆ ಫೋನ್ ಮಾಡಿ, ರೋಡಿಯಂ ತೆಗೆಸೋಣ ಅಂದೆ. "ಮತ್ತೆ ಕಪ್ಪಾಗುತ್ತಲ್ಲೇ" ಅಂದರು. ಕಪ್ಪಾಗಲಿ ಅಮ್ಮ ಅಂದೆ. ಸ್ವಲ್ಪ ಸುಮ್ಮನಿದ್ದು, ಸರಿ ಅಂದರು.

ರೋಡಿಯಂ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ದಿನಾ ಹಾಕುವ ಸಣ್ಣ ಉಂಗುರಕ್ಕೆ, ಒರೆಸಲು ಪುರುಸೊತ್ತು ಇಲ್ಲದವರಿಗೆ ಅದು ಒಳ್ಳೆಯದೇ. ಗೀರು ಬೀಳೋದು ಕಮ್ಮಿ, ಕಪ್ಪಾಗಲ್ಲ. ಆದರೆ ಹೊಡೆದಿದ್ದೀವಿ ಅಂತ ಒಂದು ಮಾತು ಬಿಲ್ಲಿನಲ್ಲಿ ಬರೆಯಬೇಕು ಅಲ್ವಾ? ಹಾಲ್‌ಮಾರ್ಕ್ ಮುದ್ರೆ ಹೇಳೋದು ಬೆಳ್ಳಿ ಎಷ್ಟು ಶುದ್ಧ ಅನ್ನೋದನ್ನು. 2025ರ ಸೆಪ್ಟೆಂಬರ್ 1ರಿಂದ ಬೆಳ್ಳಿಗೂ, ಕಡ್ಡಾಯವಲ್ಲದಿದ್ದರೂ, ಎಚ್‌ಯುಐಡಿ ಸಂಖ್ಯೆ, ಅಂದರೆ ಒಂದೊಂದು ಒಡವೆಗೂ ಬೇರೆಬೇರೆ ಕೊಡುವ ಗುರುತಿನ ಸಂಖ್ಯೆ, ಬಂದಿದೆ, ಅದು ನಿಜಕ್ಕೂ ಒಳ್ಳೆಯ ಕೆಲಸ. ಆದರೂ ಮೇಲಿನ ಹೊದಿಕೆ ಯಾವುದು ಅಂತ ಆ ಮುದ್ರೆ ನೋಡಿ ಗೊತ್ತಾಗಲ್ಲ. ಅದನ್ನು ಮಾಡಿದವರೇ ಹೇಳಬೇಕು, ಕೊಟ್ಟವರೇ ಕೇಳಬೇಕು.

ಮೈಸೂರಿಗೆ ಬಂದು ಆಚಾರ್ರಿಗೆ ಎಲ್ಲ ಹೇಳಿದೆ. ಮೊಟ್ಟೆಯ ವಿಷಯ ಕೇಳಿ ಅವರ ಕಣ್ಣು ಅರಳಿತು. "ಹಂಗಾದ್ರೆ ಕೆಲಸ ಮಾಡೋಕೆ ದಾರಿ ಸಿಕ್ತು" ಅಂದರು. ನನಗೆ ಆಗ ಅರ್ಥ ಆಗಲಿಲ್ಲ. ಆಮೇಲೆ ಗೊತ್ತಾಯಿತು. ರೋಡಿಯಂ ಎಲ್ಲಿ ಹೋಯಿತು, ಎಲ್ಲಿ ಉಳಿಯಿತು ಅಂತ ಬರಿಗಣ್ಣಿಗೆ ಕಾಣಲ್ಲ. ಗಂಧಕ ತೋರಿಸಿಕೊಡುತ್ತೆ. ಕಪ್ಪಾದ ಕಡೆ ಬೆಳ್ಳಿ ಹೊರಗೆ ಬಂದಿದೆ, ಹೊಳೆಯುವ ಕಡೆ ಇನ್ನೂ ಹೊದಿಕೆ ಇದೆ.

ಕೆಲಸ ಶುರು ಮಾಡುವ ಮುಂಚೆ ನನ್ನೆದುರಿಗೇ ತೂಕ ಹಾಕಿದರು. ಹೊಸ ಬೆಸುಗೆ ಸೇರಿ 62.4 ಗ್ರಾಂ. ಒಳಮೈ ನುಣುಪು, ಅಲ್ಲಿ ನೀರು ಕಾಗದದಲ್ಲಿ, ಅಂದರೆ ಒದ್ದೆ ಮಾಡಿ ಉಜ್ಜುವ ನುಣುಪು ಉಪ್ಪುಕಾಗದದಲ್ಲಿ, ತಿಕ್ಕಿ ಒಂದು ಗಂಟೆಯಲ್ಲಿ ಮುಗಿಸಿದರು. ಹೊರಮೈಗೆ ಹನ್ನೊಂದು ದಿನ ಹಿಡಿಯಿತು. ಬಿದಿರು ಕಡ್ಡಿಗಳನ್ನು ಸೀಳಿ, ಒಂದೊಂದರ ತುದಿಯನ್ನು ಒಂದೊಂದು ಥರ ಚೂಪು ಮಾಡಿಕೊಂಡಿದ್ದರು. ಒಂದು ಚಪ್ಪಟೆ, ಒಂದು ಮೊನೆ, ಒಂದು ಅರ್ಧಚಂದ್ರ. ತುದಿಗೆ ನುಣ್ಣನೆಯ ಕುರುಂದದ ಪುಡಿಯನ್ನು ಎಣ್ಣೆಯಲ್ಲಿ ಕಲಸಿ ಹಚ್ಚಿ, ಬಳ್ಳಿಯ ಪ್ರತಿ ಗೆರೆಯ ಒಳಗೂ ತಿಕ್ಕುತ್ತ ಹೋದರು. ಬಿದಿರು ಮೆತ್ತಗೆ ಇರುವುದರಿಂದ ಕೆತ್ತನೆಯ ಅಂಚು ಸವೆಯಲ್ಲ. ಒಂದು ಗಿಳಿಗೆ ಅರ್ಧ ದಿನ. ಕಣ್ಣಿಗೆ ಬಂದಾಗ ಉಸಿರು ಹಿಡಿದುಕೊಂಡು ತಿಕ್ಕುತ್ತಿದ್ದರು.

ಎರಡು ಮೂರು ದಿನಕ್ಕೊಮ್ಮೆ ನಾನು ಹೋಗಿ ಪಕ್ಕದಲ್ಲಿ ಕೂರುತ್ತಿದ್ದೆ. ಕಪ್ಪಾಗಿದ್ದ ಎರಡು ಗಿಳಿಗಳನ್ನು ಅವರು ಮೊದಲು ಹಿಡಿದರು. ಮೇಲಿನ ಹೊದಿಕೆ ಸವೆದ ಮೇಲೆ ಪಟಿಕದ ನೀರಿಗೆ ಹಾಕಿದರು. ಈ ಸಲ ಹತ್ತು ನಿಮಿಷಕ್ಕೇ ಕಪ್ಪು ಬಿಟ್ಟಿತು. ನೀರಿನಿಂದ ಎತ್ತಿದಾಗ ಆ ಗಿಳಿಗಳು ಹಾಲುಬಿಳುಪಾಗಿದ್ದವು. ಆಚಾರ್ರು ಏನೂ ಹೇಳದೆ ಅದನ್ನು ನನ್ನ ಕಡೆ ತಿರುಗಿಸಿ ಹಿಡಿದರು. ನನಗೆ ಗಂಟಲು ಕಟ್ಟಿತು.

ಪೂರ್ತಿ ಒಂದು ಸುತ್ತು ಆದ ಮೇಲೆ ಗಂಧಕದ ದ್ರಾವಣದಲ್ಲಿ ಅದ್ದಿದರು. ಕಡಗ ಕಪ್ಪಾಯಿತು, ಅದರ ಮೈಮೇಲೆ ರಾತ್ರಿ ಆಕಾಶದಲ್ಲಿ ಚುಕ್ಕಿ ಇದ್ದ ಹಾಗೆ ಅಲ್ಲಲ್ಲಿ ಹೊಳಪು ಉಳಿಯಿತು. ಎಲೆಯ ಬುಡ, ಬಾಲದ ಮಡಿಕೆ, ಕೊಕ್ಕಿನ ಕೆಳಗೆ. ಆ ಚುಕ್ಕಿಗಳನ್ನು ಹುಡುಕಿ ಹುಡುಕಿ ಮತ್ತೆ ತಿಕ್ಕಿದರು. ಮತ್ತೆ ಅದ್ದಿದರು. ಮೂರನೇ ಸಲಕ್ಕೆ ಬೆರಳೆಣಿಕೆಯಷ್ಟು ಚುಕ್ಕಿ ಉಳಿದವು. ಇವನ್ನೂ ತೆಗೆಯಬಹುದು, ಆದರೆ ಅಲ್ಲಿ ಬೆಳ್ಳಿ ತೆಳ್ಳಗಿದೆ, ಏನು ಮಾಡಲಿ ಅಂತ ಕೇಳಿದರು. ಬಿಡಿ ಆಚಾರ್ರೇ, ಸಾಕು ಅಂದೆ.

ಕೊನೆಗೆ ಉಬ್ಬಿನ ಮೇಲಿನ ಕಪ್ಪನ್ನು ಬಟ್ಟೆಯಲ್ಲಿ ಒರೆಸಿ, ಸಂದಿಯಲ್ಲಿ ಉಳಿಸಿದರು. ಚಿಕ್ಕಮ್ಮನ ಕಡಗದ ಫೋಟೊ ನನ್ನ ಫೋನಿನಲ್ಲಿತ್ತು, ಅದನ್ನು ನೋಡಿ ನೋಡಿ ಎಷ್ಟು ಒರೆಸಬೇಕು ಅಂತ ತೀರ್ಮಾನಿಸಿದರು. ಕೀಲಿಗೆ ಹೊಸ ಕಡ್ಡಿ ಹಾಕಿ ಎರಡೂ ತುದಿಯನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಅಗಲಿಸಿದರು. ತೂಕ 62.1 ಗ್ರಾಂ. ಮೂರು ಗುಲಗಂಜಿಯಷ್ಟೂ ಹೋಗಿಲ್ಲ ನೋಡಿ ಅಂದರು. 1,800 ರೂಪಾಯಿ ಕೇಳಿದರು. ಹನ್ನೊಂದು ದಿನದ ಕೆಲಸಕ್ಕೆ ಅದು ತೀರಾ ಕಮ್ಮಿ. ಒತ್ತಾಯ ಮಾಡಿ 3,000 ಕೊಟ್ಟೆ. ಬಿಲ್ ಪುಸ್ತಕ ಇರಲಿಲ್ಲ. ಒಂದು ಚೀಟಿಯಲ್ಲಿ ಅವರ ಕೈಯಲ್ಲೇ ಬರೆಸಿಕೊಂಡೆ: ಕೀಲು ಬೆಳ್ಳಿ ಬೆಸುಗೆ, ಸೀಸ ಇಲ್ಲ, ರೋಡಿಯಂ ತೆಗೆದಿದೆ, ಕೆಲವು ಸಂದಿಯಲ್ಲಿ ಉಳಿದಿದೆ. ಆ ಚೀಟಿ ಕಡಗದ ಡಬ್ಬಿಯಲ್ಲೇ ಇದೆ. ಮುಂದೆ ಯಾರ ಕೈಗೆ ಈ ಕಡಗ ಹೋಗುತ್ತೋ, ಅವರು ರಿಪೇರಿಗೆ ಕೊಡುವಾಗ ಅದು ಬೇಕಾಗುತ್ತೆ.

ನವೆಂಬರ್‌ನಲ್ಲಿ ಚಿಕ್ಕಮ್ಮನ ಮಗಳ ಸೀಮಂತ ಆಯಿತು. ಚಿಕ್ಕಮ್ಮ ತಮ್ಮ ಕಡಗ ತಂದರು, ಅಮ್ಮ ತಮ್ಮದು. ಹಸಿರು ಗಾಜಿನ ಬಳೆ ತೊಡಿಸುವ ಮುಂಚೆ ಅವಳ ಎರಡೂ ಕೈಗೆ ಒಂದೊಂದು ಹಾಕಿ ತಿರುಪು ಬಿಗಿ ಮಾಡಿದರು. ಅಜ್ಜಿ ಹೋದ ಮೇಲೆ ಆ ಜೋಡಿ ಒಬ್ಬರ ಕೈಯಲ್ಲಿ ಕಂಡಿದ್ದು ಅವತ್ತೇ. ಯಾವುದು ಯಾರದು ಅಂತ ಯಾರೋ ಕೇಳಿದರು. ಅಮ್ಮ ಅವಳ ಬಲಗೈ ಎತ್ತಿ ಕಿಟಕಿಯ ಕಡೆ ತಿರುಗಿಸಿದರು. ಕೀಲಿನ ಪಕ್ಕದ ಗಿಳಿಯ ಕೊಕ್ಕಿನ ಕೆಳಗೆ ಸಾಸಿವೆಯಷ್ಟು ಜಾಗ ಬೆಳ್ಳಗೆ ಮಿನುಗಿತು. "ಇದು ನಂದು" ಅಂದರು.